ಐದನೇ ಸೆಮಿಸ್ಟರಿನ ಡೈರೆಕ್ಟ್ರು

ಪತ್ರಿಕೋದ್ಯಮ ವಿಭಾಗವಿರುವ ಯಾವ ಡಿಗ್ರಿ ಕಾಲೇಜಿಗೆ ಬೇಕಾದರೂ ಹೋಗಿ, ಐದನೇ ಸೆಮಿಸ್ಟರಿನಲ್ಲಿ ಇವರೊಬ್ಬರು ಇದ್ದೇ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೇನೋ ಹೆಸರಿದೆ. ಆದರೆ ಕ್ಯಾಂಟೀನಿನ ಹುಡುಗನಿಂದ ಹಿಡಿದು ಎಚ್‌ಓಡಿ ಮೇಡಂವರೆಗೆ ಎಲ್ಲರೂ ಕರೆಯುವುದು ‘ಡೈರೆಕ್ಟ್ರೇ’ ಅಂತ. ಮೊದಲು ಕರೆದವರು ಗೇಲಿಗೆ ಕರೆದರು. ಇವರು ಅದನ್ನು ಬಿರುದೆಂದು ಸ್ವೀಕರಿಸಿದರು. ಕಪ್ಪು ಟೀ ಶರ್ಟು, ಬೆಳೆಯಲೋ ಬೇಡವೋ ಎಂದು ಯೋಚಿಸುತ್ತಿರುವ ಗಡ್ಡ, ಹೆಗಲಿಗೊಂದು ಜೋಳಿಗೆ. ನೀವು ಇಂಟರ್ನಲ್ ಮಾರ್ಕ್ಸಿನ ವಿಷಯ ಹೇಳುತ್ತಿರುವಾಗ ಇವರು ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಜೋಡಿಸಿ ಚೌಕಟ್ಟು ಮಾಡಿ ನಿಮ್ಮ ಮುಖದ ಮುಂದೆ ಹಿಡಿಯುತ್ತಾರೆ. ಹಿಡಿದು, ‘ಲೈಟ್ ಸರಿಯಿಲ್ಲ’ ಅನ್ನುತ್ತಾರೆ.

ಇವರ ಮನೆದೇವರು ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ. ‘ಸ್ಟಾಕರ್’ ಚಿತ್ರದ ಮೊದಲ ಅರ್ಧ ಗಂಟೆಯನ್ನು ಹಲವು ಸಲ ನೋಡಿದ್ದಾರೆ. ಆಮೇಲೆ ಪ್ರತಿ ಸಲವೂ ನಿದ್ದೆ ಬಂದಿದೆ. ಅದಕ್ಕೆ ಇವರು ಧ್ಯಾನ ಅನ್ನುತ್ತಾರೆ. ‘ಸಿನಿಮಾ ಅನ್ನೋದು ಒಬ್ಬನ ದರ್ಶನ ಕಣೋ ಮಗಾ, ಗುಂಪು ಕಟ್ಕೊಂಡ್ರೆ ಗಣಪತಿ ಕೂರಿಸಬಹುದು ಅಷ್ಟೆ’ ಎಂಬುದು ಇವರ ನಿಲುವು. ಆದರೆ ಆ ಮನೆದೇವರು 1956ರಲ್ಲಿ ಮಾಸ್ಕೋದ ಚಲನಚಿತ್ರ ಶಾಲೆಯಲ್ಲಿ ಓದುವಾಗ ಮಾಡಿದ ಮೊದಲ ಕಿರುಚಿತ್ರ ಗುಂಪಿನ ಕೆಲಸವೇ. ಕಥೆ ಹೆಮಿಂಗ್ವೆಯ ‘ದಿ ಕಿಲ್ಲರ್ಸ್’. ನಿರ್ದೇಶಕರ ಪಟ್ಟಿಯಲ್ಲಿ ಅಲೆಕ್ಸಾಂಡರ್ ಗೋರ್ಡನ್, ಮರಿಕಾ ಬೇಕು ಎಂಬ ಇಬ್ಬರು ಸಹಪಾಠಿಗಳೂ ಇದ್ದಾರೆ. ಜತೆಗೆ ಓದುತ್ತಿದ್ದ ವಸೀಲಿ ಶುಕ್ಶಿನ್ ಪಾತ್ರ ಮಾಡಿದ. ತಾರ್ಕೋವ್‌ಸ್ಕಿ ಪಾಲಿಗೆ ಬಂದದ್ದು ಹೋಟೆಲಿಗೆ ಬಂದು ಸಿಳ್ಳೆ ಹಾಕಿ ಹೋಗುವ ಗಿರಾಕಿಯ ವೇಷ. ಇದನ್ನು ಹೇಳಿದರೆ ನಮ್ಮ ಡೈರೆಕ್ಟ್ರು ‘ಅದು ಅವರ ಅರ್ಲಿ ಪೀರಿಯಡ್’ ಎಂದು ಚಹಾ ಹೀರುತ್ತಾರೆ.

ಸಿಲೆಬಸ್ಸಿಗೆ ದರ್ಶನ ಗಿರ್ಶನ ಗೊತ್ತಿಲ್ಲ. ಐದು ಜನರ ಗುಂಪು, ಹತ್ತು ನಿಮಿಷದ ಚಿತ್ರ, ಎಲ್ಲರಿಗೂ ಸಮನಾದ ಅಂಕ. ಹಾಗಾಗಿ ಗುಂಪು ಆಗಲೇಬೇಕು, ಆಗುವ ರೀತಿಯೂ ಎಲ್ಲ ಕಾಲೇಜಿನಲ್ಲಿ ಒಂದೇ. ದೊಡ್ಡಪ್ಪನ ಮದುವೆ ಫೋಟೋ ಸ್ಟುಡಿಯೋ ಇರುವವನು ಕ್ಯಾಮೆರಾಮನ್. ಒಳ್ಳೆಯ ಲ್ಯಾಪ್‌ಟಾಪ್ ಇರುವವನು ಎಡಿಟರ್. ಮೊದಲ ಮೀಟಿಂಗಿಗೆ ಬಾರದೆ ಹೋದ ಹುಡುಗಿಗೆ ಸೌಂಡು. ಸ್ಪ್ಲೆಂಡರ್ ಬೈಕೂ ‘ಆಗಲ್ಲ’ ಅನ್ನಲು ಬಾರದ ನಾಲಿಗೆಯೂ ಇರುವ ಒಬ್ಬನಿದ್ದಾನಲ್ಲ, ಅವನು ಪ್ರೊಡಕ್ಷನ್. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಯಾರದೆಂದು ಚರ್ಚೆಯೇ ಆಗುವುದಿಲ್ಲ. ಪೋಸ್ಟರ್ ಮೊದಲೇ ತಯಾರಾಗಿರುತ್ತದೆ.

ಕಥೆಯೂ ಹೆಚ್ಚುಕಡಿಮೆ ತಯಾರೇ. ಅಲಾರಾಂ ಹೊಡೆಯುತ್ತದೆ, ಯುವಕನೊಬ್ಬ ಏಳುತ್ತಾನೆ, ಮುಖ ತೊಳೆದು ಕನ್ನಡಿ ನೋಡುತ್ತಾನೆ. ಆಮೇಲೆ ತುಂಬಾ ಹೊತ್ತು ನಡೆಯುತ್ತಾನೆ. ಕೊನೆಗೆ ಅದು ಕನಸಾಗಿರುತ್ತದೆ, ಇಲ್ಲವೇ ಅವನು ಆಗಲೇ ಸತ್ತಿರುತ್ತಾನೆ. ಹೆಸರಿನ ಕೊನೆಗೆ ಮೂರು ಚುಕ್ಕಿ.

ಇಷ್ಟೊಂದು ಡೈರೆಕ್ಟ್ರು ಹುಟ್ಟಿಕೊಳ್ಳಲು ಒಂದು ಯಂತ್ರದ ಕಾರಣವೂ ಇದೆ. 2008ರಲ್ಲಿ ಕ್ಯಾನನ್ ಕಂಪನಿ ಫೈವ್ ಡಿ ಮಾರ್ಕ್ ಟೂ ಎಂಬ ಸ್ಟಿಲ್ ಕ್ಯಾಮೆರಾದಲ್ಲಿ ವಿಡಿಯೋ ಇಟ್ಟಿತು. ನಾಲ್ಕಾರು ವರ್ಷದಲ್ಲಿ ಅದರ ತಮ್ಮಂದಿರೆಲ್ಲ ನಮ್ಮ ಊರೂರಿನ ಮದುವೆ ಸ್ಟುಡಿಯೋಗಳಿಗೆ ಬಂದರು. ಜತೆಗೆ ಬಂದದ್ದು 50 ಎಂಎಂ ಲೆನ್ಸು: ಅಗ್ಗ, ಹಗುರ, ಹಿಂದಿನದೆಲ್ಲವನ್ನೂ ಮಸುಕು ಮಾಡಿಬಿಡುತ್ತದೆ. ಹಿಂದೆ ಒಗೆದ ಬಟ್ಟೆ ನೇತು ಹಾಕಿದ್ದರೂ ಬಣ್ಣಬಣ್ಣದ ಬೆಳಕಿನ ಹನಿಯಂತೆ ಕಾಣುತ್ತದೆ. ಡೈರೆಕ್ಟ್ರು ಅದಕ್ಕೆ ಮಾರುಹೋಗಿ ಇಡೀ ಚಿತ್ರವನ್ನು ಅದೊಂದರಲ್ಲೇ ತೆಗೆಸುತ್ತಾರೆ. ಅರ್ಧದಷ್ಟು ಶಾಟುಗಳಲ್ಲಿ ನಾಯಕನೂ ಮಸುಕಾಗಿದ್ದಾನೆ, ಕಿವಿ ಮಾತ್ರ ಸ್ಪಷ್ಟವಾಗಿದೆ. ‘ಅವನ ಒಳಗಿನ ಗೊಂದಲ’ ಎಂದು ವೈವಾದಲ್ಲಿ ಹೇಳಿದರಾಯಿತು.

ದುಡ್ಡಿಗೆ ಇವರ ಬಳಿ ‘ಲೂಸಿಯಾ’ ಇದೆ. ಪವನ್ ಕುಮಾರ್ 2013ರಲ್ಲಿ ತೆರೆಗೆ ತಂದ ಆ ಚಿತ್ರಕ್ಕೆ ನೂರಾಹತ್ತು ಜನ ಸೇರಿ ಸುಮಾರು 51 ಲಕ್ಷ ರೂಪಾಯಿ ಹಾಕಿದ್ದರು. ಈ ಪ್ರಸಂಗವನ್ನು ಡೈರೆಕ್ಟ್ರು ತರಗತಿಯ ಮುಂದೆ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ಹೇಳುತ್ತಾರೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: ‘ಗುರೂ, ತಲೆಗೆ ಇನ್ನೂರು ಕೊಟ್ರೆ ವಾಪಸ್ ಏನ್ ಬರುತ್ತೆ?’ ‘ಹೆಸರು ಹಾಕ್ತೀವಿ.’ ಕೊನೆಗೆ ಹೆಸರುಗಳ ಪಟ್ಟಿಯೇ ಒಂದೂವರೆ ನಿಮಿಷ ಓಡುತ್ತದೆ. ಕೂಡಿದ ದುಡ್ಡು ಒಂದು ದಿನದ ಊಟಕ್ಕೆ ಸಾಲುವುದಿಲ್ಲ. ಉಳಿದದ್ದನ್ನು ಪ್ರೊಡಕ್ಷನ್ ಹುಡುಗ ತನ್ನ ಅಕ್ಕನ ಗೂಗಲ್ ಪೇಯಿಂದ ತರುತ್ತಾನೆ. ಅಕ್ಕನ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿರುತ್ತದೆ.

ಪಾತ್ರಧಾರಿಗಳಿಗೆ ‘ತಿಥಿ’. ರಾಮ್ ರೆಡ್ಡಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಸಿನಿಮಾದಲ್ಲಿ ನಟಿಸಿ ಅರಿಯದ ಊರಿನವರನ್ನೇ ಇಟ್ಟು ಚಿತ್ರ ಮಾಡಿದರು. 2015ರಲ್ಲಿ ಅದಕ್ಕೆ ಲೊಕಾರ್ನೊ ಉತ್ಸವದ ಪ್ರಶಸ್ತಿ ಬಂತು. ಅಷ್ಟು ಸಾಕು, ಡೈರೆಕ್ಟ್ರು ಐದೂ ಜನರನ್ನು ಎರಡು ಬೈಕಿಗೆ ಹೇರಿಕೊಂಡು ಮಂಡ್ಯ ರಸ್ತೆ ಹಿಡಿಯುತ್ತಾರೆ. ಅರಳಿಕಟ್ಟೆಯ ಮೇಲೆ ಕೂತ ತಾತನ ಮುಂದೆ ಬೆರಳಿನ ಚೌಕಟ್ಟು ಹಿಡಿದರೆ ತಾತ ಕೇಳುತ್ತಾನೆ: ‘ಏನ್ ಮಗಾ, ಕೈಗೇನಾಯ್ತು?’ ವಿವರಿಸಿದ ಮೇಲೆ, ‘ದಿನಕ್ ಏಟ್ ಕೊಟ್ಟಿಯೆ?’ ಕಲೆಯ ಬಗ್ಗೆ ಮಾತು ಶುರುವಾಗುವಷ್ಟರಲ್ಲಿ ತಾತ ಎದ್ದು ಕುರಿಗಳ ಹಿಂದೆ ಹೊರಟಿರುತ್ತಾನೆ. ರಾಮ್ ರೆಡ್ಡಿ ಜತೆ ಕಥೆ ಬರೆದ ಈರೇಗೌಡರಿಗೆ ಆ ಊರಿನ ಒಳಹೊರಗೆಲ್ಲ ಗೊತ್ತಿತ್ತು, ಆ ಜನರ ಮಾತು, ಜಗಳ, ಮೈಗಳ್ಳತನದಿಂದಲೇ ಚಿತ್ರ ಮೇಲೆದ್ದಿತು ಎಂಬ ಭಾಗ ಇವರಿಗೆ ಯಾವಾಗಲೂ ಮರೆತುಹೋಗುತ್ತದೆ. ವಾಪಸು ಬರುವಾಗ ಶ್ರೀರಂಗಪಟ್ಟಣದಲ್ಲಿ ಒಂದು ಶಾಟ್ ಆದರೂ ಆಗಲಿ ಎಂದು ಟ್ರೈಪಾಡ್ ಬಿಚ್ಚಿದರೆ ಕಾವಲುಗಾರ ಬರುತ್ತಾನೆ. ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಬೇಕು. ಡೈರೆಕ್ಟ್ರ ಹತ್ತಿರ ಇರುವುದು ಎಚ್‌ಓಡಿ ಸಹಿಯ ಪತ್ರ. ಅದರಲ್ಲೂ ತಾರೀಖು ಹೋದ ವಾರದ್ದು.

ಹೀಗಾಗಿ ಶೂಟಿಂಗು ಕೊನೆಗೆ ಡೈರೆಕ್ಟ್ರ ಮನೆಯಲ್ಲೇ. ಭಾನುವಾರ, ಬೆಳಿಗ್ಗೆ ಆರಕ್ಕೆ ಎಂದು ಹೇಳಿದ್ದು, ಹತ್ತಕ್ಕೆ ಶುರು.

ಇಲ್ಲಿಂದ ಡೈರೆಕ್ಟ್ರ ದರ್ಶನ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಕಿಟಕಿಯಿಂದ ಬಿಸಿಲಿನ ಕೋಲು ಬೀಳಬೇಕು ಅನ್ನುತ್ತಾರೆ; ಕಿಟಕಿ ಉತ್ತರಕ್ಕಿದೆ. ಕ್ಯಾಮೆರಾ ಹುಡುಗ ಆಗ ಬಾಯಿ ಬಿಡುತ್ತಾನೆ. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ, ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ಕಿನಲ್ಲಿ ಕ್ಯಾಮೆರಾ ಕಲಿತವರು, 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹೆಸರಾದ ಬೆಳಕಿನ ಕಂಬವನ್ನು ಕನ್ನಡಿ ಹಿಡಿದು ಬಿಸಿಲು ತಿರುಗಿಸಿಯೇ ತಂದದ್ದು ಎಂದು ಅವನು ಎಲ್ಲೋ ಓದಿದ್ದಾನೆ. ಪ್ರೊಡಕ್ಷನ್ ಹುಡುಗ ಐದು ನಿಮಿಷದಲ್ಲಿ ಪಕ್ಕದ ಬೀದಿಯ ಸಲೂನಿನಿಂದ ಕನ್ನಡಿ ಹೊತ್ತು ತರುತ್ತಾನೆ. ಬಿಸಿಲು ಬೀಳುತ್ತದೆ, ಚೆನ್ನಾಗಿಯೇ ಬೀಳುತ್ತದೆ. ಇಡೀ ಚಿತ್ರದಲ್ಲಿ ನೋಡುವಂಥದ್ದು ಅದೊಂದು ಶಾಟು. ಡೈರೆಕ್ಟ್ರು ಅದನ್ನು ‘ನನ್ನ ಲೈಟಿಂಗ್ ಪ್ಯಾಟರ್ನ್’ ಎಂದು ಕರೆಯುತ್ತಾರೆ.

ಸೌಂಡಿನದು ಬೇರೆಯೇ ಪುರಾಣ. ಸುಣ್ಣ ಹೊಡೆಯುವ ರೋಲರಿನ ಉದ್ದ ಕೋಲಿಗೆ ಮೈಕು ಕಟ್ಟಿ ಆ ಹುಡುಗಿ ನಿಂತಿರುತ್ತಾಳೆ. ಸಾಲದು ಎಂದು ಕಿವಿಗೆ ಹೆಡ್‌ಫೋನ್. ನಮ್ಮ ಊರುಗಳು ಎಷ್ಟು ಗದ್ದಲ ಮಾಡುತ್ತವೆ ಎಂದು ತಿಳಿಯಬೇಕಾದರೆ ಒಂದು ಹೆಡ್‌ಫೋನ್ ಹಾಕಿಕೊಳ್ಳಬೇಕು. ನಾಯಕ ಬಾಯಿ ತೆರೆದ ಕೂಡಲೇ ಕುಕ್ಕರ್ ಕೂಗುತ್ತದೆ. ಎರಡನೇ ಟೇಕಿಗೆ ಹಳೇ ಪೇಪರ್‌ನವನು, ಮೂರನೆಯದಕ್ಕೆ ಪಾಲಿಕೆಯ ಕಸದ ಗಾಡಿಯ ಹಾಡು. ನಾಲ್ಕನೆಯದು ಅದ್ಭುತವಾಗಿ ಬರುತ್ತದೆ. ಮುಗಿದ ಮೇಲೆ ಹುಡುಗಿ ಮೆಲ್ಲಗೆ ‘ಫ್ರಿಜ್ಜು ಗುಂಯ್ ಅಂತಿದೆ’ ಅನ್ನುತ್ತಾಳೆ. ಫ್ರಿಜ್ಜು ಆಫ್ ಮಾಡಬೇಕು. ಆಮೇಲೆ ಮರೆಯದೆ ಆನ್ ಮಾಡಲು ಸೌಂಡಿನವರಲ್ಲಿ ಒಂದು ಹಳೆಯ ಉಪಾಯವಿದೆ: ಗಾಡಿಯ ಕೀಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುವುದು. ಕೀ ಇಲ್ಲದೆ ಮನೆಗೆ ಹೋಗುವ ಹಾಗಿಲ್ಲವಲ್ಲ. ಹುಡುಗಿ ಇದನ್ನು ಹೇಳಿದಳು. ಡೈರೆಕ್ಟ್ರು ‘ಅದೆಲ್ಲ ನೆನಪಿರುತ್ತೆ ಬಿಡು’ ಅಂದರು. ರಾತ್ರಿ ಅಮ್ಮನಿಗೆ ಸಿಕ್ಕಿದ್ದು ಒಡೆದ ಎರಡು ಲೀಟರ್ ಹಾಲು ಮತ್ತು ಉಬ್ಬಿ ಪಾತ್ರೆಯಿಂದ ಹೊರಬಂದ ದೋಸೆ ಹಿಟ್ಟು.

ಕೊನೆಗೆ ‘ರೂಮ್ ಟೋನ್’ ಬೇಕು ಎಂದು ಹುಡುಗಿ ಕೇಳುತ್ತಾಳೆ. ಯಾರೂ ಮಾತಾಡದೆ, ಅಲ್ಲಾಡದೆ ಅರ್ಧ ನಿಮಿಷ ನಿಲ್ಲಬೇಕು. ಆ ಖಾಲಿ ಕೋಣೆಯ ಸದ್ದು ಎಡಿಟಿಂಗಿನಲ್ಲಿ ಮಾತಿನ ನಡುವಿನ ತೂತುಗಳಿಗೆ ತೇಪೆಯಾಗುತ್ತದೆ. ಕ್ಯಾಮೆರಾ ಹುಡುಗ ಉಸಿರು ಬಿಗಿಹಿಡಿದ. ಪ್ರೊಡಕ್ಷನ್ ಹುಡುಗ ಒಂಟಿ ಕಾಲಲ್ಲಿದ್ದವನು ಹಾಗೇ ನಿಂತ. ಹತ್ತನೇ ಸೆಕೆಂಡಿಗೆ ಒಂದು ಧ್ವನಿ ಪಿಸುಗುಟ್ಟಿತು: ‘ಎಷ್ಟು ಚೆನ್ನಾಗಿದೆ ಅಲ್ವಾ ಈ ಸೈಲೆನ್ಸು?’ ಯಾರೆಂದು ಬೇರೆ ಹೇಳಬೇಕಿಲ್ಲ.

ನಾಯಕನ ಸುದ್ದಿ ಚಿಕ್ಕದು. ಎರಡನೇ ಭಾನುವಾರಕ್ಕೆ ಅವನು ಸೋದರಮಾವನ ಮಗಳ ಮದುವೆ ಮುಗಿಸಿ, ಗಡ್ಡ ತೆಗೆಸಿ, ಅಂಗೈಗೆ ಮೆಹಂದಿ ಹಾಕಿಸಿಕೊಂಡು ಬಂದ. ಹೀಗಾಗಿ ಚಿತ್ರದಲ್ಲಿ ಅವನು ಗಡ್ಡದೊಂದಿಗೆ ಬಾಗಿಲು ತೆಗೆದು ಗಡ್ಡವಿಲ್ಲದೆ ಹೊರಗೆ ಬರುತ್ತಾನೆ.

ತಾಯಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ರಂಗಭೂಮಿ ಕಲಾವಿದೆ ಬರಲಾಗಲಿಲ್ಲ. ಡೈರೆಕ್ಟ್ರ ಅಮ್ಮನನ್ನೇ ನಿಲ್ಲಿಸಿದರು. ಅಮ್ಮ ಕೊಟ್ಟ ಸಂಭಾಷಣೆ ಬಿಟ್ಟು, ‘ನಿನಗೆ ಇದೊಂದು ಬಿಟ್ಟು ಬೇರೆ ಏನಾದ್ರೂ ಬರುತ್ತೇನೋ? ಹಾಲು ಯಾರು ತರ್ತಾರೆ ಈಗ?’ ಎಂದು ಕ್ಯಾಮೆರಾ ಹಿಂದೆ ನಿಂತಿದ್ದ ಮಗನನ್ನೇ ನೋಡಿ ಬೈದರು. ಹುಡುಗಿ ಮೈಕು ಇಳಿಸಲಿಲ್ಲ, ಕ್ಯಾಮೆರಾ ಹುಡುಗ ಆಫ್ ಮಾಡಲಿಲ್ಲ. ಡೈರೆಕ್ಟ್ರು ‘ಕಟ್’ ಅಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ಮಾತ್ರ ಪೇಪರಿನಿಂದ ತಲೆ ಎತ್ತಿ, ‘ಕಾಸರವಳ್ಳಿಯವರೂ ಬಿ.ಫಾರ್ಮಾ ಮುಗಿಸಿಯೇ ಪುಣೆಗೆ ಹೋಗಿದ್ದು’ ಅಂದರು. ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿದ್ದು ನಿಜ. 1977ರಲ್ಲಿ ‘ಘಟಶ್ರಾದ್ಧ’ ಮಾಡುವ ಹೊತ್ತಿಗೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಡಿಪ್ಲೊಮಾವೂ ಕೈಯಲ್ಲಿತ್ತು. ಮನೆಮನೆಯ ಅಪ್ಪಂದಿರಿಗೆ ಇಂಥ ಮಾಹಿತಿ ಎಲ್ಲಿಂದ ಸಿಗುತ್ತದೋ.

ಎಡಿಟಿಂಗ್ ಟೇಬಲ್ಲಿನ ಮುಂದೆ ಡೈರೆಕ್ಟ್ರ ಮೊದಲ ಕಟ್ ಇಪ್ಪತ್ತೇಳು ನಿಮಿಷ. ‘ಆಸ್ಕರ್‌ನಲ್ಲಿ 40 ನಿಮಿಷದವರೆಗೂ ಶಾರ್ಟ್ ಫಿಲ್ಮೇ’ ಎಂಬುದು ಅವರ ಕಾನೂನು. ಅದು ಸರಿ. ಆದರೆ ಕೇನ್ಸ್ ಉತ್ಸವದ ಕಿರುಚಿತ್ರ ಸ್ಪರ್ಧೆಯ ಮಿತಿ 15 ನಿಮಿಷ, ಕಾಲೇಜಿನದು ಹತ್ತು. ಕೇನ್ಸ್ ಹೆಸರು ಬಂತೆಂದರೆ ಇವರಿಗೆ ಚಿದಾನಂದ ಎಸ್. ನಾಯ್ಕ್ ನೆನಪಾಗುತ್ತಾರೆ. ಎಂಬಿಬಿಎಸ್ ಓದಿ ಪುಣೆಗೆ ಹೋದ ಅವರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಅಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಗೆದ್ದಿತು. ಊರಿನ ಕೋಳಿಯನ್ನು ಅಜ್ಜಿ ಕದ್ದೊಯ್ದಳೆಂದು ಬೆಳಗೇ ಆಗದ ಕಥೆ, ಹದಿನಾರು ನಿಮಿಷ. ಶೂಟಿಂಗು ನಾಲ್ಕು ದಿನದಲ್ಲಿ ಮುಗಿಯಿತು ಎಂಬುದೊಂದನ್ನೇ ನಮ್ಮವರು ಹಿಡಿದುಕೊಂಡಿದ್ದಾರೆ. ಅಲ್ಲಿ ಕ್ಯಾಮೆರಾ ಸೂರಜ್ ಠಾಕೂರ್, ಎಡಿಟಿಂಗ್ ಮನೋಜ್ ವಿ., ಸೌಂಡ್ ಅಭಿಷೇಕ್ ಕದಂ ಎಂದು ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಜತೆಗಾರ ನಿಂತಿದ್ದ. ನಾಲ್ಕು ದಿನದಲ್ಲಿ ಮುಗಿದದ್ದು ಅದರಿಂದ ಎನ್ನುವುದನ್ನು ಹೇಳಿದರೆ ಡೈರೆಕ್ಟ್ರು ಗಡ್ಡ ಕೆರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಎಡಿಟರ್ ಹುಡುಗ ನಡೆಯುವ ದೃಶ್ಯಗಳನ್ನೆಲ್ಲ ಕಿತ್ತು ಒಂಬತ್ತು ಮುಕ್ಕಾಲು ನಿಮಿಷಕ್ಕೆ ತಂದಿರುತ್ತಾನೆ.

ಪ್ರದರ್ಶನ ಸೆಮಿನಾರ್ ಹಾಲಿನಲ್ಲಿ. ಕರ್ಟನ್ ಪೂರ್ತಿ ಮುಚ್ಚುವುದಿಲ್ಲ, ಸ್ಪೀಕರಿನಲ್ಲಿ ಎಡಗಡೆಯದು ಮಾತ್ರ ಮಾತಾಡುತ್ತದೆ. ಅಲಾರಾಂ ಹೊಡೆದಾಗ ಆಕಳಿಕೆ. ಗಡ್ಡ ಮಾಯವಾದಾಗ ಶಿಳ್ಳೆ. ಅಮ್ಮ ಬೈದಾಗ ಮಾತ್ರ ಇಡೀ ಹಾಲು ನಕ್ಕಿತು, ಹೊರಗಿನಿಂದ ಬಂದಿದ್ದ ತೀರ್ಪುಗಾರರು ಪೆನ್ನು ತೆಗೆದು ಏನೋ ಬರೆದುಕೊಂಡರು. ಬಹುಮಾನ ‘ಅತ್ಯುತ್ತಮ ಪೋಷಕ ನಟಿ’. ಅಮ್ಮ ಬರಲಿಲ್ಲ; ಆ ದಿನ ಗ್ಯಾಸ್ ಸಿಲಿಂಡರ್ ಬರುವುದಿತ್ತು.

ಆಮೇಲೆ ಪ್ರತಿಯೊಬ್ಬರೂ ‘ನನ್ನ ಪಾತ್ರ ಏನು, ಏನು ಕಲಿತೆ’ ಎಂಬ ವರದಿ ಕೊಡಬೇಕು. ಡೈರೆಕ್ಟ್ರದು ಆರು ಪುಟ. ತಾರ್ಕೋವ್‌ಸ್ಕಿ ಹೆಸರು ಹದಿಮೂರು ಸಲ. ಕ್ಯಾಮೆರಾ ಹುಡುಗ ಕನ್ನಡಿಯ ಚಿತ್ರ ಬರೆದು ಕೋನ ಗುರುತಿಸಿದ್ದಾನೆ. ಹುಡುಗಿ ಫ್ರಿಜ್ಜಿನ ವಿಷಯ ಬರೆದಿದ್ದಾಳೆ. ಪ್ರೊಡಕ್ಷನ್ ಹುಡುಗನದು ಎರಡು ಸಾಲು: ‘ಎಲ್ಲ ವ್ಯವಸ್ಥೆ ನೋಡಿಕೊಂಡೆ. ಸಲೂನಿನ ಕನ್ನಡಿ ಇನ್ನೂ ವಾಪಸ್ ಕೊಡಬೇಕಿದೆ.’ ಐದೂ ವರದಿಗಳಲ್ಲಿ ಸಿನಿಮಾ ಹೇಗೆ ಆಗುತ್ತದೆ ಎಂದು ಸರಿಯಾಗಿ ತಿಳಿದವನು ಇವನೊಬ್ಬನೇ ಎಂದು ಮೇಡಂಗೆ ಗೊತ್ತು. ಅಂಕ ಮಾತ್ರ ಎಲ್ಲರಿಗೂ ಸಮ.

ಡೈರೆಕ್ಟ್ರು ಈಗ ಚಿತ್ರೋತ್ಸವಗಳ ಬೆನ್ನು ಹತ್ತಿದ್ದಾರೆ. ಡಾಲರಿನಲ್ಲಿ ಪ್ರವೇಶ ಶುಲ್ಕ ಕಟ್ಟಿಸಿಕೊಂಡು ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ ಆನ್‌ಲೈನ್ ಉತ್ಸವಗಳಿಗೆ ಬರವಿಲ್ಲ. ಪೋಸ್ಟರಿನ ಎರಡೂ ಬದಿ ಪ್ರಶಸ್ತಿ ಗುರುತಿನ ಎಲೆಯ ಚಿತ್ರ ತುಂಬಿ, ಈಗ ನಾಯಕನ ಮುಖಕ್ಕೆ ಜಾಗ ಸಾಲುತ್ತಿಲ್ಲ. ಮುಂದಿನ ಚಿತ್ರದ ಪೋಸ್ಟರೂ ತಯಾರಾಗಿದೆ. ಅದಕ್ಕೊಂದು ಹಳೇ ತೊಟ್ಟಿಮನೆ ಬೇಕಂತೆ.

ಅಂಥ ಮನೆ ನಿಮ್ಮಲ್ಲಿದ್ದು, ಇವರು ಬಂದು ಬಾಗಿಲು ತಟ್ಟಿದರೆ ದಯವಿಟ್ಟು ಕೊಡಿ. ಬಾಡಿಗೆ ಕೇಳಬೇಡಿ, ಅವರ ಹತ್ತಿರ ಇಲ್ಲ. ಹಾಲು ಪಕ್ಕದ ಮನೆಯ ಫ್ರಿಜ್ಜಿನಲ್ಲಿಡಿ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಚೌಕಟ್ಟು ಹಿಡಿದವರನ್ನು ಕೇಳಬೇಡಿ. ಹಿಂದೆ ಎಕ್ಸ್‌ಟೆನ್ಷನ್ ಬಾಕ್ಸ್ ಸುತ್ತಿಕೊಂಡು ನಿಂತಿರುವ ಹುಡುಗನನ್ನು ಕೇಳಿ. ಹಾಗೇ ಅವನಿಗೆ ಊಟ ಆಯಿತಾ ಅಂತಲೂ ಕೇಳಿ, ಆಗಿರುವುದಿಲ್ಲ.