ಬೇಡ ಅನ್ನುವವರು ಬರೆದುಕೊಡಿ

ದಾನ ಮಾಡುವುದು ಇಷ್ಟು ಸುಲಭ ಅಂತ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಕಿಸೆಗೆ ಕೈ ಹಾಕಬೇಕಿಲ್ಲ. ಮನಸ್ಸು ಮಾಡಬೇಕಿಲ್ಲ. ಹೂಂ ಅನ್ನಬೇಕೆಂದೂ ಇಲ್ಲ. ಸುಮ್ಮನೆ ಡ್ಯೂಟಿ ಮಾಡಿಕೊಂಡಿದ್ದರೆ ಸಾಕು, ತಿಂಗಳ ಕೊನೆಗೆ ನೀವು ದಾನಿ. ದಾನ ಮಾಡದಿರುವುದಕ್ಕೆ ಮಾತ್ರ ಅರ್ಜಿ ಕೊಡಬೇಕು.

2020ರ ಏಪ್ರಿಲ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸಿಬ್ಬಂದಿಗೆ ಈ ಪುಣ್ಯ ತಾನಾಗಿಯೇ ಒದಗಿಬಂತು. ಕೊರೋನಾ ನೆಪದಲ್ಲಿ ತೆರೆದ ಪಿಎಂ ಕೇರ್ಸ್ ನಿಧಿಗೆ ಒಂದು ದಿನದ ಸಂಬಳ. ಅಲ್ಲಿನ ರೆಸಿಡೆಂಟ್ ವೈದ್ಯರ ಸಂಘ ತಕರಾರು ತೆಗೆಯಿತು. ನಮ್ಮನ್ನು ಕೇಳದೆ ಯಾಕೆ ಹಿಡಿಯುತ್ತೀರಿ, ಹಿಡಿಯಲೇಬೇಕಾದರೆ ಆ ದುಡ್ಡಿನಲ್ಲಿ ನಮಗೇ ಪಿಪಿಇ ಕಿಟ್ ತರಿಸಿ ಅಂತ.

ಎಂಥ ಸ್ವಾರ್ಥಿಗಳು ನೋಡಿ! ತಮ್ಮ ಜೀವ ಉಳಿಸಿಕೊಳ್ಳಲು ತಮ್ಮದೇ ಸಂಬಳ ಕೇಳುತ್ತಾರೆ.

ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಕೋಲ್ಕತ್ತಾದ ಕೊರೋನಾ ವಾರ್ಡಿನ ವೈದ್ಯರಿಗೆ ಕಿಟ್ ಬದಲು ರೇನ್‌ಕೋಟ್ ಸಿಕ್ಕಿತ್ತು. ಹರಿಯಾಣದಲ್ಲಿ ಒಬ್ಬ ವೈದ್ಯರು ಬೈಕಿನ ಹೆಲ್ಮೆಟ್ ಹಾಕಿಕೊಂಡು ರೋಗಿಗಳನ್ನು ನೋಡುತ್ತಿದ್ದರು. ದೆಹಲಿಯಲ್ಲಿ ಮನೆ ಮಾಲೀಕರು ವೈದ್ಯರಿಗೆ ಮನೆ ಖಾಲಿ ಮಾಡಿ ಅನ್ನುತ್ತಿದ್ದರು. ದೇಶ ಸುಮ್ಮನಿತ್ತೇ? ಇಲ್ಲಪ್ಪ. ಮಾರ್ಚ್ 22ರ ಸಂಜೆ 5 ಗಂಟೆಗೆ ತಟ್ಟೆ ಬಡಿದೆವು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್ ಬಂದು ಆಸ್ಪತ್ರೆಗಳ ಮೇಲೆ ಹೂ ಸುರಿಸಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ಗಾದೆ ಕಟ್ಟಿದವರು ಮಲ್ಲಿಗೆ ಆಕಾಶದಿಂದ ಉದುರುತ್ತದೆ ಅಂದುಕೊಂಡಿರಲಿಕ್ಕಿಲ್ಲ.

ಏಪ್ರಿಲ್ 17ರಂದು ಕೇಂದ್ರದ ಕಂದಾಯ ಇಲಾಖೆಯ ಸುತ್ತೋಲೆ ಬಂತು. ಅದು ಒಂದು ದಿನಕ್ಕೆ ತೃಪ್ತಿಪಡಲಿಲ್ಲ. 2021ರ ಮಾರ್ಚ್‌ವರೆಗೆ ಪ್ರತಿ ತಿಂಗಳೂ ಅದೇ ನಿಧಿಗೆ ಒಂದು ದಿನದ ಸಂಬಳ ಕೊಡಿ ಎಂದು ನೌಕರರಿಗೆ ವಿನಂತಿ. ಆಕ್ಷೇಪ ಇದ್ದವರು ನೌಕರ ಸಂಖ್ಯೆ ಸಮೇತ ಲಿಖಿತವಾಗಿ ತಿಳಿಸಬೇಕು. ನೌಕರ ಸಂಖ್ಯೆ ಯಾಕೆ? ಮುಂದೆ ಬಡ್ತಿ ಕೊಡುವಾಗ ಪ್ರೀತಿಯಿಂದ ನೆನಪಿಟ್ಟುಕೊಳ್ಳಲು ಇರಬೇಕು.

ಮುಂದಿನ ವಾರ ಇನ್ನೊಂದು ಆದೇಶ. ಕೇಂದ್ರ ನೌಕರರ ತುಟ್ಟಿಭತ್ಯೆ ಹೆಚ್ಚಳಕ್ಕೆ ತಡೆ. ಇದಕ್ಕೆ ಮಾತ್ರ ಆಕ್ಷೇಪ ಬರೆದುಕೊಡುವ ಅವಕಾಶ ಇರಲಿಲ್ಲ.

ಒಂದು ಪಕ್ಷದ ಮೇಲೆ ಗೂಬೆ ಕೂರಿಸಲು ಹೊರಟಿದ್ದೇನೆ ಅಂದುಕೊಳ್ಳಬೇಡಿ. ಈ ವಿದ್ಯೆಯಲ್ಲಿ ಎಡ ಬಲ ಎಂಬ ಭೇದವಿಲ್ಲ. 2018ರ ಪ್ರವಾಹದ ಹೊತ್ತಿಗೆ ಕೇರಳದ ಎಡರಂಗ ಸರ್ಕಾರ ಕೇಳಿದ್ದು ಪೂರ್ತಿ ಒಂದು ತಿಂಗಳ ಸಂಬಳ. ಅಲ್ಲೂ ಒಪ್ಪದವರು ಬರೆದುಕೊಡಬೇಕಿತ್ತು. ಹೈಕೋರ್ಟ್ ಆ ಷರತ್ತಿಗೆ ತಡೆ ಕೊಟ್ಟಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು, ಅಲ್ಲೂ ಗೆಲ್ಲಲಿಲ್ಲ. ಕೊಡಲೊಲ್ಲದವನ ಕೈಬರಹಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಿದರಲ್ಲ, ಅದೆಂಥ ಕರುಣೆ ಇದ್ದೀತು!

ಯಾವ ಆಸ್ಪತ್ರೆಯಲ್ಲಾದರೂ ನೋಡಿ. ನರ್ಸಿಗೆ ಪಾಳಿ ಹಾಕುವವರು ಮೇಲಿನವರು. ರಜೆ ಚೀಟಿಗೆ ಸಹಿ ಮಾಡುವವರೂ ಅವರೇ. ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಎಂದು ಟಿಪ್ಪಣಿ ಬರೆಯುವವರೂ ಅವರೇ. ಒಳ್ಳೆಯ ಕೆಲಸಕ್ಕೆ ಕೈಲಾದಷ್ಟು ಕೊಡಿ ಎಂದು ವಿನಯದಿಂದ ಕೇಳುವವರೂ ಅವರೇ. “ಬಲವಂತ ಏನಿಲ್ಲ ಸಿಸ್ಟರ್, ನಿಮ್ಮಿಷ್ಟ. ಆದ್ರೆ ನಮ್ಮ ವಾರ್ಡಲ್ಲಿ ನೀವೊಬ್ರೇ ಬಾಕಿ.” ಈ ಮಾತು ಕೇಳಿದ ಮೇಲೂ ಕೊಡದೆ ಉಳಿಯಲು ಗಟ್ಟಿ ಗುಂಡಿಗೆ ಬೇಕು. ಮನೆ ಬಾಡಿಗೆ, ಮಕ್ಕಳ ಫೀಸು, ಸೊಸೈಟಿ ಸಾಲದ ಕಂತು ಇರುವವರಿಗೆ ಅಂಥ ಗುಂಡಿಗೆ ಗಿಟ್ಟುವುದಿಲ್ಲ.

ಆಮೇಲೆ ನೋಟಿಸ್ ಬೋರ್ಡಿನಲ್ಲಿ ಬರುತ್ತದೆ: ಸಿಬ್ಬಂದಿ ಸ್ವಯಂಪ್ರೇರಣೆಯಿಂದ ನೂರಕ್ಕೆ ನೂರು ಸ್ಪಂದಿಸಿದ್ದಾರೆ. ದೊಡ್ಡ ಚೆಕ್ಕಿನ ಪ್ರತಿಕೃತಿ ಹಿಡಿದು ಫೋಟೊ. ಫೋಟೊದಲ್ಲಿ ಸಿಸ್ಟರ್ ಇರುವುದಿಲ್ಲ. ಅವರಿಗೆ ನೈಟ್ ಡ್ಯೂಟಿ.

ಇನ್ನು ಕಂಪನಿಗಳ ಔದಾರ್ಯ. ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕೆಂದು ಕಾನೂನೇ ಇದೆ. ಪಿಎಂ ಕೇರ್ಸ್‌ಗೆ ಕೊಟ್ಟ ಕೋಟಿಗಳನ್ನು ಆ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬಹುದಿತ್ತು. ಅಂದರೆ ಹೇಗಿದ್ದರೂ ಖರ್ಚಾಗಲೇಬೇಕಿದ್ದ ಹಣ. ಪತ್ರಿಕೆಗಳಲ್ಲಿ ಅವರಿಗೆ ದಾನಶೂರರ ಪಟ್ಟ. ವಾರ್ಡು ಒರೆಸುವ ಡಿ ಗ್ರೂಪ್ ನೌಕರ ಕೊಟ್ಟಿದ್ದು ಯಾವ ಕಾನೂನಿನ ಬಾಕಿಯೂ ಅಲ್ಲ, ಅವನ ಮನೆಯ ಅಕ್ಕಿಬೇಳೆ. ಅವನ ಹೆಸರು ಸಂಬಳ ಚೀಟಿಯ ಕಡಿತದ ಕಾಲಂ ಬಿಟ್ಟು ಬೇರೆಲ್ಲೂ ಬರಲಿಲ್ಲ. ಅಂದಹಾಗೆ, ಕಂಪನಿಗಳು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟರೆ ಆ ಶೇ 2ರ ಲೆಕ್ಕಕ್ಕೆ ಸೇರುವುದಿಲ್ಲವೆಂದು ಕೇಂದ್ರ ಅದೇ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಕೊರೋನಾ ರಾಜ್ಯಗಳಲ್ಲಿ ಇರಲಿಲ್ಲವೇನೋ.

ನಿಧಿ ಚೆನ್ನಾಗಿಯೇ ತುಂಬಿತು. ಮಾರ್ಚ್ ಕೊನೆಯ ಐದೇ ದಿನಗಳಲ್ಲಿ 3,000 ಕೋಟಿ ರೂಪಾಯಿಗೂ ಹೆಚ್ಚು. ಕೊಟ್ಟವರು ಲೆಕ್ಕ ಕೇಳಿದರು. ಮಾಹಿತಿ ಹಕ್ಕಿನಡಿ ಕೇಳಿದವರಿಗೆ, ಇದು ಸಾರ್ವಜನಿಕ ಪ್ರಾಧಿಕಾರವಲ್ಲ ಎಂಬ ಉತ್ತರ. 2021ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಕೊಟ್ಟ ಹೇಳಿಕೆ ಇನ್ನೂ ಸೊಗಸು: ಇದು ಭಾರತ ಸರ್ಕಾರದ ನಿಧಿಯೇ ಅಲ್ಲ. ಅಧ್ಯಕ್ಷರು ಪ್ರಧಾನಿ. ಜಾಲತಾಣದ ವಿಳಾಸ ಸರ್ಕಾರದ್ದು. ದುಡ್ಡು ಮುರಿದುಕೊಟ್ಟಿದ್ದು ಸರ್ಕಾರಿ ಸಂಬಳ ಶಾಖೆ. ತೆಗೆದುಕೊಳ್ಳುವಾಗ ಸರ್ಕಾರ, ಲೆಕ್ಕ ಕೊಡುವಾಗ ಖಾಸಗಿ.

ಆ ನಿಧಿಯಿಂದ ಆಸ್ಪತ್ರೆಗಳಿಗೆ ವೆಂಟಿಲೇಟರ್ ಬಂದವು, ಸುಳ್ಳು ಹೇಳಬಾರದು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಗೆ ಬಂದವು ಕೆಟ್ಟು ಕೂತಿವೆ ಎಂಬ ದೂರು ಬಾಂಬೆ ಹೈಕೋರ್ಟ್‌ವರೆಗೆ ಹೋಯಿತು. ಒಂದು ದಿನದ ಸಂಬಳ ಕೊಟ್ಟ ಸಿಬ್ಬಂದಿಗೆ ರಿಪೇರಿಯ ಪುಣ್ಯವೂ ಸಿಗಲಿ ಎಂಬ ದೂರದೃಷ್ಟಿ ಇದ್ದಿರಬಹುದು.

ನಮ್ಮ ಕರ್ನಾಟಕವೇನು ಹಿಂದೆ ಬಿದ್ದಿಲ್ಲ. 2020ರ ಜುಲೈನಲ್ಲಿ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಕೂತರು. ತಿಂಗಳಿಗೆ 12,000 ರೂಪಾಯಿ ಖಾತರಿ ಗೌರವಧನ ಕೊಡಿ, ಮನೆಮನೆ ಸುತ್ತುವಾಗ ಹಾಕಿಕೊಳ್ಳಲು ಸುರಕ್ಷಾ ಸಾಮಗ್ರಿ ಕೊಡಿ ಅಂತ. ಕೊರೋನಾ ಯೋಧರು ಎಂಬ ಬಿರುದು ಮಾತ್ರ ಅವರಿಗೆ ಕೇಳದೆಯೇ ಸಿಕ್ಕಿತ್ತು. ಬಿರುದಿಗೆ ಖಜಾನೆಯಿಂದ ದುಡ್ಡು ತೆಗೆಯಬೇಕಾಗಿಲ್ಲವಲ್ಲ.

ಏಮ್ಸ್ ಕಥೆ ಇನ್ನೂ ಸ್ವಲ್ಪ ಇದೆ. ಅದೇ 2020ರ ಡಿಸೆಂಬರ್ 14ರಂದು ಅಲ್ಲಿನ ನರ್ಸ್‌ಗಳು ಮುಷ್ಕರ ಹೂಡಿದರು. ಆರನೇ ವೇತನ ಆಯೋಗದ ಕಾಲದಿಂದ ಉಳಿದುಬಂದ ತಾರತಮ್ಯ ಸರಿಪಡಿಸಿ, ಗುತ್ತಿಗೆ ನೇಮಕ ಬೇಡ ಎಂಬುದು ಬೇಡಿಕೆ. ಈಗ ಆಡಳಿತಕ್ಕೆ ಒಮ್ಮೆಲೇ ರೋಗಿಗಳ ನೆನಪಾಯಿತು. ಮರುದಿನವೇ ಹೈಕೋರ್ಟಿನಿಂದ ಮುಷ್ಕರಕ್ಕೆ ತಡೆ. ಅಷ್ಟರೊಳಗೆ ಹೊರಗಿನಿಂದ ಗುತ್ತಿಗೆ ನರ್ಸ್‌ಗಳನ್ನು ತರುವ ತಯಾರಿ ಶುರುವಾಗಿತ್ತು. ಯಾವುದು ಬೇಡ ಎಂದರೋ ಅದೇ.

ಗುತ್ತಿಗೆಯವರ ಸಂಬಳ ಕಮ್ಮಿ. ಮುಂದಿನ ಸಲ ಒಂದು ದಿನದ ಲೆಕ್ಕ ಹಿಡಿಯುವಾಗ ನಿಧಿಗೆ ಅಷ್ಟು ಖೋತಾ.