ಬಸವನಗುಡಿ ಎಂಬ ಹಳ್ಳಿಗೆ, ಗುಂಡ್ಲುಪೇಟೆಯಿಂದ

ಮಹಾನಗರದ ಮಧ್ಯೆ ಮರದ ನೆರಳಲ್ಲಿ ತಂಪಾಗಿರುವ ಬಸವನಗುಡಿಯ ಬುದ್ದಿಯೋರಿಗೆ, ಊಟಿ ರಸ್ತೆ ಪಕ್ಕದ ಸೂರ್ಯಕಾಂತಿ ಹೊಲದವನ ಶರಣು.

ಹೋದ ಆಷಾಢದಲ್ಲಿ ನಿಮ್ಮವರೊಬ್ಬರು ಕಾರು ನಿಲ್ಲಿಸಿ, ತಲೆಗೆ 20 ರೂಪಾಯಿ ಕೊಟ್ಟು ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತ, ‘ನಮ್ಮದೂ ಹಳ್ಳೀನೇ ಕಣಪ್ಪ, ಬೆಂಗಳೂರೊಳಗಿನ ಹಳ್ಳಿ’ ಅಂದರು. ಕೇಳಿ ಧೈರ್ಯ ಬಂತು. ಹಳ್ಳಿಯವನು ಹಳ್ಳಿಯವರಿಗೆ ಕಾಗದ ಬರೆದರೆ ತಪ್ಪೇನು?

ನಿಮ್ಮ ಹಳ್ಳಿತನದ ಬಗ್ಗೆ ನನ್ನ ತಕರಾರಿಲ್ಲ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು, ಬಸವ ಬಂದು ಮೇಯುತ್ತಿದ್ದ, ಅವನ ಕೋಪ ತಣಿಸಲು ಮೊದಲ ಫಸಲು ಒಪ್ಪಿಸುವ ಪರಿಷೆ ಶುರುವಾಯಿತು ಅಂತ ಐತಿಹ್ಯ. 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿಗೆ ಹೆದರಿದವರು ಗಾಳಿ ಬೆಳಕು ಹುಡುಕಿಕೊಂಡು ಬಂದರು, ಹೊಲ ಸೈಟಾಯಿತು. ಬಡಾವಣೆ ಹಾಕುವಾಗ ಜಾತಿಗೊಂದು ಭಾಗ ಗೊತ್ತುಮಾಡಿದ್ದರಂತೆ. ಕೇರಿಯಿಲ್ಲದೆ ಎಂಥ ಹಳ್ಳಿ ಹೇಳಿ! ಈಗಲೂ ಕಾರ್ತಿಕದ ಕಡೇ ಸೋಮವಾರ ಪರಿಷೆ ತಪ್ಪುವುದಿಲ್ಲ. ಕಾಯಿ ಮಾತ್ರ ಕೋಲಾರ, ತಮಿಳುನಾಡು ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಬಸವ ಇದ್ದಾನೆ, ಜಾತ್ರೆ ಇದೆ, ಬೆಳೆಯುವವನ ರಗಳೆ ಇಲ್ಲ. ಹಳ್ಳಿಯನ್ನು ಇಷ್ಟು ಚೊಕ್ಕವಾಗಿ ಇಟ್ಟುಕೊಳ್ಳುವುದು ನಮ್ಮ ಕೈಲಾಗಲಿಲ್ಲ.

ನಿಮ್ಮ ಬಸವ ಪುಣ್ಯಾತ್ಮ, ಕಲ್ಲಾಗಿ ಮೇಯುವುದು ಬಿಟ್ಟ. ಬಂಡೀಪುರದ ಆನೆ, ಹಂದಿಗಳಿಗೆ ಇನ್ನೂ ಆ ಬುದ್ಧಿ ಬಂದಿಲ್ಲ. ಅದಕ್ಕೇ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯಿಡೀ ಕಾಯುತ್ತೇವೆ. ನಿಮ್ಮವರು ಅದನ್ನು ನೋಡಿ, ‘ಟ್ರೀ ಹೌಸಾ? ಒಂದು ರಾತ್ರಿಗೆ ಎಷ್ಟು?’ ಎಂದು ಕೇಳಿದರು. ತಮಟೆ, ಪಟಾಕಿ ಸೇರಿಸಿ ರೇಟು ಹೇಳುತ್ತೇನೆ. ಆನೆ ಬಂದರೆ ಜಾಸ್ತಿ.

ಕಲ್ಲಿನ ಮಾತು ಬಂತಲ್ಲ, ನಿಮ್ಮ ಬ್ಯೂಗಲ್ ರಾಕಿಗೆ ನೂರಾರು ಕೋಟಿ ವರ್ಷ. ಸುತ್ತ ಪಾರ್ಕು, ಬೆಳಗಾದರೆ ವಾಕಿಂಗು. ನಮ್ಮ ಬಂಡೆಗಳೂ ವಯಸ್ಸಿನಲ್ಲಿ ಹುಡುಗರಲ್ಲ, ಆದರೆ ಕೂತು ಉಣ್ಣುವ ಯೋಗ ಅವಕ್ಕಿಲ್ಲ. ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ದೇಶ ಸುತ್ತುತ್ತದೆ. ನಿಮ್ಮ ಅಡುಗೆಮನೆ ಕಟ್ಟೆಯಲ್ಲೂ ಇದ್ದೀತು, ಒರೆಸುವಾಗ ಯೋಗಕ್ಷೇಮ ವಿಚಾರಿಸಿ. 2022ರ ಮಾರ್ಚ್‌ನಲ್ಲಿ ನಮ್ಮ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿದು ಕೂಲಿಯವರು ಸತ್ತರು. ನಿಮ್ಮಲ್ಲಿ ಕಡಿಯಲು ಮರಕ್ಕೆ ಗುರುತು ಹಾಕಿದರೆ ಸಾಕು, ನೀವು ಹೋಗಿ ತಬ್ಬಿ ನಿಲ್ಲುತ್ತೀರಿ. ಒಳ್ಳೆಯದೇ. ಬಿಡುವಾದಾಗ ಒಮ್ಮೆ ಬಂದು ಗುಡ್ಡವನ್ನೂ ತಬ್ಬಿ. ತೋಳಿಗೆ ಸಿಗಲಾರದೆಂಬ ಚಿಂತೆ ಬೇಡ, ದಿನೇ ದಿನೇ ಸಣ್ಣದಾಗುತ್ತಿದೆ.

ಪರಂಪರೆಗೇನೂ ನಾವು ಬಡವರಲ್ಲ. ಅರಿಕುಠಾರವಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ರಾಜರು ಮುದ್ದು ಮಾಡಿದ ಆ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಎಷ್ಟೋ ಮುಖ್ಯಮಂತ್ರಿಗಳು ಇತ್ತ ತಲೆಹಾಕಲಿಲ್ಲ. 2013ರಲ್ಲಿ ಗದ್ದುಗೆ ಏರಿದ ಸಿದ್ದರಾಮಯ್ಯನವರು ಬಂದೂ ಬಂದೂ ಐದು ವರ್ಷ ಪೂರೈಸಿಬಿಟ್ಟರು. ಹಿಂದುಳಿದದ್ದಕ್ಕೆ ಶಾಪವೇ ಕಾರಣ ಎನ್ನುವ ನೆಪವೂ ಅಂದಿಗೆ ಹೋಯಿತು.

ನಿಮಗೂ ಕಷ್ಟಗಳಿವೆ, ಬಲ್ಲೆ. ಗಾಂಧಿಬಜಾರಿಗೆ ದೋಸೆ ತಿನ್ನಲು ಬಂದವರು ಮನೆ ಗೇಟಿಗೇ ಕಾರು ಒತ್ತಿ ನಿಲ್ಲಿಸುತ್ತಾರಂತೆ. ಅದಕ್ಕೆ ನಮ್ಮಲ್ಲಿ ಮದ್ದಿದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಕಾರನ್ನು ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ಎರಡನ್ನೂ ಬಸವನಗುಡಿಗೆ ತನ್ನಿ. ರಾಮಕೃಷ್ಣ ಆಶ್ರಮದ ಸರ್ಕಲ್ಲಿನಲ್ಲಿ ಒಂದು ಚೆಕ್‌ಪೋಸ್ಟ್ ಸಾಕು. ಮನೆಗೆರಡರಂತೆ ಇರುವ ನಿಮ್ಮ ಕಾರುಗಳೂ ಸಂಜೆಗೆ ಆಚೆಯೇ ನಿಲ್ಲಬೇಕಾಗುತ್ತದೆ, ಅಷ್ಟೇ. ಹಳ್ಳಿ ಅಂದಮೇಲೆ ನಾಲ್ಕು ಹೆಜ್ಜೆ ನಡೆಯಬೇಕಪ್ಪ.

ಚೆಕ್‌ಪೋಸ್ಟಿಗೆ ಆಳು ಹುಡುಕುವುದೂ ಬೇಡ. ನಮ್ಮ ಕಡೆಯ ಹುಡುಗರು ಆಗಲೇ ನಿಮ್ಮ ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಯೂನಿಫಾರ್ಮ್ ತೊಟ್ಟು ಕೂತಿದ್ದಾರೆ. ನಿದ್ದೆಗೆಟ್ಟು ಕಾಯುವುದನ್ನು ಅವರು ಅಟ್ಟಣೆ ಮೇಲೇ ಕಲಿತವರು.

ಇಂತಿ ನಿಮ್ಮ,
ಇನ್ನೊಬ್ಬ ಹಳ್ಳಿಗ