ಪ್ರತಿ ವರ್ಷವೂ ಅಧಿಕ ಮಾಸ

(ಅಪ್ಪನ ಫೋನಿನೊಳಗೆ ವಾಸವಾಗಿರುವ ಡೇಟಾ ಲೆಕ್ಕದ ಆ್ಯಪ್ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ಈ ಆ್ಯಪನ್ನು ಅಪ್ಪನ ಫೋನಿಗೆ ಹಾಕಿಕೊಟ್ಟವನು ನಾನೇ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಇಳಿಸಿಕೊಳ್ಳಲು ಐದು ನಿಮಿಷ, ಮಿಕ್ಕಿದ್ದೆಲ್ಲ ಒಟಿಪಿಗೆ. ಮೆಸೇಜಿನ ಕೊನೆಯಲ್ಲಿ ‘ಇದನ್ನು ಯಾರಿಗೂ ಹೇಳಬೇಡಿ’ ಎಂದಿತ್ತು. ಅಪ್ಪ ಹೇಳಲಿಲ್ಲ. ‘ನಾನು ನಿಮ್ಮ ಮಗ’ ಅಂದೆ. ‘ಯಾರಿಗೂ ಅಂದ್ರೆ ಯಾರಿಗೂ’ ಅಂದರು. ಖಜಾನೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತರಾದವರು. ತಾವೇ ಕನ್ನಡಕ ಹುಡುಕಿ ತಂದು ಒಂದೊಂದೇ ಅಂಕಿ ಒತ್ತುವಷ್ಟರಲ್ಲಿ ಒಟಿಪಿಯ ಆಯುಸ್ಸು ತೀರಿರುತ್ತಿತ್ತು. ಐದನೆಯದು ಕೈಹಿಡಿಯಿತು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ರಾತ್ರಿ ಒಂಬತ್ತೂವರೆಗೆ ಮಲಗುತ್ತಿದ್ದ ಅಪ್ಪ ಹನ್ನೆರಡರವರೆಗೂ ಎದ್ದಿರತೊಡಗಿದರು. ಕಳೆದ ಬುಧವಾರ ಹನ್ನೊಂದಕ್ಕೆ ಅವರನ್ನು ಬಲವಂತವಾಗಿ ಮಲಗಿಸಿ, ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಯ ಜಗಲಿಯಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಅಂದಿನ ಒಂದೂವರೆ ಜಿಬಿಯಲ್ಲಿ 1.1 ಜಿಬಿ ಉಳಿದಿತ್ತು.

ನಾನು: ನಿಮ್ಮ ಕೆಲಸ ಏನು ಅಂತ ಓದುಗರಿಗೆ ಹೇಳಿ.

ಆ್ಯಪ್: ಲೆಕ್ಕ ಬರೆಯೋದು ಸರ್. ಶಾನುಭೋಗಿಕೆ ಅಂದುಕೊಳ್ಳಿ. ಅರ್ಧ ಮುಗಿದಾಗ ಒಂದು ಸಲ ಹೇಳ್ತೀನಿ, ಶೇ. 90 ಆದಾಗ ಇನ್ನೊಂದು ಸಲ, ಪೂರ್ತಿ ಖಾಲಿಯಾದಾಗ ಮತ್ತೊಂದು ಸಲ. ಮಧ್ಯೆ ಕ್ರಿಕೆಟ್ ಆಟ, ಸಾಲ, ಇನ್ಶೂರೆನ್ಸು, ತಿರುಗಿಸಿದರೆ ಬಹುಮಾನ ಬರೋ ಚಕ್ರ...

ನಾನು: ಶಾನುಭೋಗರಿಗೆ ಚಕ್ರ ಯಾಕೆ?

ಆ್ಯಪ್: ಬರೀ ಲೆಕ್ಕ ನೋಡೋಕೆ ಯಾರು ಬರ್ತಾರೆ ಸರ್?

ನಾನು: ಬಂದ ದಿನವೇ ನೀವು ಅಪ್ಪನ ವಿಳಾಸಪುಸ್ತಕ ಕೇಳಿದಿರಿ, ಎಲ್ಲಿದ್ದಾರೆ ಅಂತ ಕೇಳಿದಿರಿ, ಕ್ಯಾಮೆರಾ ಕೇಳಿದಿರಿ. ಸೆಸ್ಕ್‌ನ ವಿದ್ಯುತ್ ಮೀಟರ್ ರೀಡರ್ ಗೇಟಿನ ಹತ್ತಿರವೇ ನಿಂತು ಓದಿಕೊಂಡು ಹೋಗ್ತಾನೆ. ಅಡುಗೆಮನೆಗೆ ನುಗ್ಗಿ ಡಬ್ಬಿ ತೆಗೆದು ನೋಡಲ್ಲ.

ಆ್ಯಪ್: ಅವನಿಗೆ ನಿಮ್ಮ ಮೇಲೆ ಅಷ್ಟು ಪ್ರೀತಿ ಇಲ್ಲ ಸರ್.

ನಾನು: ನಾನು ಚಿಕ್ಕವನಿದ್ದಾಗ ಇದೇ ಮನೆಯಲ್ಲಿ ಕಪ್ಪು ಫೋನಿತ್ತು. ಡಯಲಿನ ತೂತಿಗೆ ಒಂದು ಪುಟ್ಟ ಬೀಗ. ಬೀಗದ ಕೈ ಅಪ್ಪನ ಜನಿವಾರದಲ್ಲಿ. ಪಕ್ಕದಲ್ಲೊಂದು ನೋಟ್‌ಬುಕ್ಕು: ಯಾರು, ಯಾವ ಊರಿಗೆ, ಎಷ್ಟು ನಿಮಿಷ. ಅಮ್ಮ ದಾವಣಗೆರೆಯ ಚಿಕ್ಕಮ್ಮನ ಹತ್ತಿರ ಮಾತಾಡಬೇಕಾದರೆ ಎಸ್‌ಟಿಡಿ ದರ ಇಳಿಯುವವರೆಗೆ ರಾತ್ರಿ ತೂಕಡಿಸುತ್ತಾ ಕಾಯುತ್ತಿದ್ದರು.

ಆ್ಯಪ್: ಆ ಬೀಗ ನಮ್ಮ ತಾತ ಸರ್. ನೋಟ್‌ಬುಕ್ಕು ಅಜ್ಜಿ.

ನಾನು: ತಾತ ಕೈ ತಡೆಯುತ್ತಿದ್ದ. ನೀವು?

ಆ್ಯಪ್: ನಾನು ಬಡಿಸ್ತೀನಿ. ಕಾಲ ಬದಲಾಯ್ತಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬರೋವರೆಗೆ ಒಂದು ಜಿಬಿಯನ್ನು ತಿಂಗಳಿಡೀ ಜೋಪಾನ ಮಾಡ್ತಿದ್ದ ಜನ ನೀವು. ಈಗ ದಿನಕ್ಕೆ ಒಂದೂವರೆ.

ನಾನು: ಅಲ್ಲೇ ತೊಂದರೆ. ಅಪ್ಪನಿಗೆ ದಿನಕ್ಕೆ ಬೇಕಾದ್ದು ಒಂದಿಷ್ಟು ವಾಟ್ಸ್‌ಆ್ಯಪ್, ಬೆಳಗಿನ ಸುಪ್ರಭಾತ, ಅಮೆರಿಕದಲ್ಲಿರೋ ಮೊಮ್ಮಗಳ ಮುಖ. ಆದರೆ ಅವರು ಎಲೆಯಲ್ಲಿ ಒಂದಗುಳು ಬಿಡಬಾರದು ಅಂತ ಬೆಳೆದವರು. ನೀವು ‘ಇನ್ನೂ 1.1 ಜಿಬಿ ಉಳಿದಿದೆ’ ಅಂತ ಹಸಿರು ಬಣ್ಣದಲ್ಲಿ ತೋರಿಸ್ತೀರಿ. ಅವರಿಗೆ ಅದು ಎಲೆಯಲ್ಲಿ ಬಿಟ್ಟ ಅನ್ನದ ಹಾಗೆ ಕಾಣುತ್ತೆ. ಹನ್ನೊಂದಕ್ಕೆ ಎದ್ದು ಕೂತು, ನೋಡಿದ ಹರಿಕಥೆಯನ್ನೇ ಅತಿ ಸ್ಪಷ್ಟ ಚಿತ್ರದಲ್ಲಿ ಮತ್ತೆ ಹಾಕಿಕೊಂಡು ಮುಗಿಸ್ತಾರೆ.

ಆ್ಯಪ್: ನಿಜವಾಗ್ಲೂ? ಕಂಪನಿಗೆ ಹೇಳ್ತೀನಿ. ಅವರಿಗೆ ಎರಡು ಜಿಬಿ ಪ್ಯಾಕ್ ಶಿಫಾರಸು ಮಾಡೋಕೆ ಹೇಳ್ತೀನಿ.

ನಾನು: ಹನ್ನೆರಡಕ್ಕೆ ಉಳಿದದ್ದು ಎಲ್ಲಿಗೆ ಹೋಗುತ್ತೆ?

ಆ್ಯಪ್: ಎಲ್ಲಿಗೂ ಹೋಗಲ್ಲ ಸರ್, ಅದು ಇರಲೇ ಇಲ್ಲ. ಡೇಟಾ ಅಂದ್ರೆ ಗೋಡೌನಿನಲ್ಲಿ ಒಟ್ಟಿಟ್ಟ ಅಕ್ಕಿ ಮೂಟೆಯಲ್ಲ. ರಸ್ತೆ ಇದ್ದ ಹಾಗೆ. ಇವತ್ತು ನೀವು ಓಡಾಡಲಿಲ್ಲ ಅಂತ ದೇವರಾಜ ಅರಸು ರಸ್ತೆ ಉದ್ದವಾಗುತ್ತಾ?

ನಾನು: ಹಾಗಿದ್ದರೆ ನಾಳೆ ಓಡಾಡೋಕೆ ಬಿಡಿ.

ಆ್ಯಪ್: ನಾಳೆ ಜಂಬೂ ಸವಾರಿ ಆಗಿದ್ದರೆ? ಊರಿನ ಜನ ಎಲ್ಲ ಒಟ್ಟಿಗೆ ನುಗ್ಗಿದರೆ ಟವರ್ ಏನು ಮಾಡಬೇಕು? ಅದಕ್ಕೇ ದಿನದ ಪಾಲು ದಿನಕ್ಕೆ.

(ಇದರಲ್ಲಿ ಸ್ವಲ್ಪ ನ್ಯಾಯ ಇದೆ ಅನ್ನಿಸಿತು. ದಸರೆಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಫೋನ್ ಮಾಡಲು ನೋಡಿದವರಿಗೆ ಗೊತ್ತು. ಆದರೆ ಬರೆದುಕೊಳ್ಳಲಿಲ್ಲ.)

ನಾನು: ಇದೇ ಒಂಟಿಕೊಪ್ಪಲಿನಲ್ಲಿ 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ ರೇಡಿಯೊ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದಲೇ. ಅವರು ಯಾರನ್ನೂ ‘ನಿಮ್ಮ ಸಂಗೀತ ಶೇ. 90 ಮುಗಿದಿದೆ’ ಅಂತ ಹೆದರಿಸಲಿಲ್ಲ.

ಆ್ಯಪ್: ಮನಃಶಾಸ್ತ್ರದವರಾ? ನಮ್ಮ ಕಂಪನಿಯಲ್ಲೂ ಅದನ್ನು ಓದಿದವರು ಇದ್ದಾರೆ ಸರ್. ‘ಈಗಲೇ ರೀಚಾರ್ಜ್ ಮಾಡಿ’ ಬಟನ್ನು ಹೆಬ್ಬೆರಳಿಗೆ ಎಲ್ಲಿ ಸಿಗಬೇಕು ಅಂತ ನೋಡೋದೇ ಅವರ ಕೆಲಸ.

ನಾನು: ಮುಖ್ಯ ಪ್ರಶ್ನೆಗೆ ಬರ್ತೀನಿ. ನಿಮ್ಮ ತಿಂಗಳಿಗೆ 28 ದಿನ. ಯಾವ ಪಂಚಾಂಗ?

ಆ್ಯಪ್: ಅಂದ್ರೆ?

ನಾನು: ನಮ್ಮ ಬಡಾವಣೆ ಒಂಟಿಕೊಪ್ಪಲ್ ಪಂಚಾಂಗದ ಬಡಾವಣೆ, ಸ್ವಾಮಿ. ಸೂರ್ಯನ ತಿಂಗಳಿಗೆ ಮೂವತ್ತು ಮೂವತ್ತೊಂದು ದಿನ. ಚಂದ್ರನ ತಿಂಗಳಿಗೆ ಇಪ್ಪತ್ತೊಂಬತ್ತೂವರೆ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನವಷ್ಟೇ ಆಗೋದರಿಂದ, ಆ ಕೊರತೆ ತುಂಬೋಕೆ ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕ ಮಾಸ ಬರುತ್ತೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ನಿಮ್ಮದು 28ರ ಹದಿಮೂರು ಕಂತು, 364 ದಿನ. ಅಂದರೆ ನಿಮ್ಮ ಮನೆಯಲ್ಲಿ ಪ್ರತಿ ವರ್ಷವೂ ಅಧಿಕ ಮಾಸ.

ಆ್ಯಪ್: ಅಧಿಕ ಮಾಸದಲ್ಲಿ ದಾನ ಮಾಡಿದರೆ ಪುಣ್ಯ ಅಂತಾರಲ್ಲ ಸರ್.

ನಾನು: ಮೂವತ್ತಮೂರು ಅಪೂಪ ಮಾಡಿ ಅಳಿಯನಿಗೆ ಕೊಡ್ತೀವಿ. ನೀವು ಯಾವ ಮನೆಯ ಅಳಿಯ?

ಆ್ಯಪ್: (ಚಕ್ರ ತಿರುಗಿತು. ಉತ್ತರ ಬರಲಿಲ್ಲ.)

ನಾನು: 2022ರ ಜನವರಿಯಲ್ಲೇ ದೂರಸಂಪರ್ಕ ನಿಯಂತ್ರಕ ಟ್ರಾಯ್ ಆದೇಶ ಮಾಡಿದೆ. ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಒಂದನ್ನಾದರೂ, ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸುವ ಪ್ಯಾಕ್ ಒಂದನ್ನಾದರೂ ಇಡಬೇಕು. ನಿಮ್ಮಲ್ಲಿ ಎಲ್ಲಿದೆ?

ಆ್ಯಪ್: ಇದೆ ಸರ್. ಕೆಳಗೆ ಸರಿಸಿ. ಇನ್ನೂ ಕೆಳಗೆ. ‘ಎಲ್ಲ ಪ್ಯಾಕ್‌ಗಳು’ ಒತ್ತಿ. ಬಲಕ್ಕೆ ಸರಿಸಿ. ‘ಇತರೆ’ ಒತ್ತಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರು ನೀವು, ಇಷ್ಟಕ್ಕೇ ಸುಸ್ತಾದರೆ ಹೇಗೆ?

ನಾನು: 2024ರ ಡಿಸೆಂಬರ್‌ನಲ್ಲಿ, ಡೇಟಾ ಬೇಡದವರಿಗೆ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ವೋಚರ್ ಕೊಡಿ ಅಂತಲೂ ಟ್ರಾಯ್ ಹೇಳಿತು. ಅಮ್ಮನ ಗುಂಡಿ ಫೋನಿಗೆ ಅದೇ ಬೇಕಿತ್ತು.

ಆ್ಯಪ್: ಅದೂ ‘ಇತರೆ’ಯಲ್ಲೇ ಸರ್.

ನಾನು: ಇನ್ನೊಂದು. ಅಪ್ಪನ ಫೋನಿನ ಸೆಟ್ಟಿಂಗ್ಸ್‌ನಲ್ಲೂ ಡೇಟಾ ಲೆಕ್ಕ ಇದೆ. ಆ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆ ಆಗಲ್ಲ. ಅಲ್ಲಿ ‘ಲೆಕ್ಕ ತಿಂಗಳ ಯಾವ ತಾರೀಖಿಗೆ ಶುರು’ ಅಂತ ಕೇಳುತ್ತೆ. ನಿಮ್ಮ 28 ದಿನದ ತಿಂಗಳು ಅದಕ್ಕೂ ಅರ್ಥವಾಗಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ತರಕಾರಿಯವಳ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ನಿಮ್ಮದಕ್ಕೆ?

ಆ್ಯಪ್: ಹಾಗೆಲ್ಲ ಬರೀಬೇಡಿ ಸರ್. ಮೀಟರಿಂಗ್, ಬಿಲ್ಲಿಂಗ್ ಸರಿಯಿದೆಯಾ ಅಂತ ಕಂಪನಿಗಳ ಲೆಕ್ಕ ತಪಾಸಣೆ ಮಾಡಿಸೋ ನಿಯಮವನ್ನು ಟ್ರಾಯ್ 2006ರಲ್ಲೇ ತಂದಿದೆ.

ನಾನು: ಮಾರುಕಟ್ಟೆಯಲ್ಲಿ ಮುಳ್ಳು ನನ್ನ ಕಣ್ಣಿಗೆ ಕಾಣುತ್ತೆ.

ಆ್ಯಪ್: ಇಲ್ಲೂ ಕಾಣುತ್ತಲ್ಲ, ಹಸಿರು ಬಣ್ಣದ ಗೀಟು?

ನಾನು: ಗೀಟು ಎಳೆದವರೂ ಅಂಗಡಿಯವರೇ. ಇರಲಿ. ಕೊನೆಗೆ ಅಮ್ಮನ ದೂರು. 28 ಅಂದರೆ ಸರಿಯಾಗಿ ನಾಲ್ಕು ವಾರ. ಮೊದಲನೇ ಸಲ ಶುಕ್ರವಾರ ರೀಚಾರ್ಜ್ ಮಾಡಿಸಿದ್ದಕ್ಕೆ ಈಗ ಪ್ರತಿ ಸಲವೂ ಶುಕ್ರವಾರವೇ ಬರ್ತಿದೆ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಮನೆಯ ಲಕ್ಷ್ಮಿಯನ್ನು ಆಚೆ ಕಳಿಸಬಾರದು ಅಂತ ಅಮ್ಮ. ನೀವು ಸರಿಯಾಗಿ ಅದೇ ಹೊತ್ತಿಗೆ ‘ಇಂದೇ ಕೊನೆಯ ದಿನ’ ಅಂತ ಗಂಟೆ ಬಾರಿಸ್ತೀರಿ.

ಆ್ಯಪ್: ಲಕ್ಷ್ಮಿ ಎಲ್ಲೂ ಹೋಗಲ್ಲ ಸರ್. ನಮ್ಮ ಹತ್ತಿರ ಕ್ಷೇಮವಾಗಿರ್ತಾಳೆ.

ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ ಬಂತು. ನಿದ್ದೆ ಮಾಡಿರಲೇ ಇಲ್ಲ.

‘ಎಷ್ಟು ಉಳೀತೋ?’

‘ಒಂದು ಪಾಯಿಂಟ್ ಒಂದು, ಅಪ್ಪ.’

‘ಅಯ್ಯೋ, ಏನಾದ್ರೂ ಹಾಕ್ಕೊಂಡು ನೋಡೋ. ನೀನಾದ್ರೂ ನೋಡು.’

ನೋಡಲಿಲ್ಲ. ಹನ್ನೆರಡಾಯಿತು. ಹಸಿರು ಗೀಟು ಒಮ್ಮೆ ಮಿನುಗಿ ತುದಿಯವರೆಗೆ ತುಂಬಿಕೊಂಡಿತು: 1.5 ಜಿಬಿ. ಕೆಳಗೆ ‘ಶುಭ ದಿನ’ ಎಂದಿತ್ತು. ಸಂದರ್ಶನ ಹೇಗಿತ್ತು, ಐದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದೂ ಕೇಳಿತು.

ಬೆಳಿಗ್ಗೆ ಅಪ್ಪ ಮಾತೃಮಂಡಳಿ ಸರ್ಕಲ್ಲಿನವರೆಗೆ ನಡೆದುಹೋಗಿ, ಪುಟ್ಟ ಅಂಗಡಿಯೊಂದರಲ್ಲಿ ನಗದು ಕೊಟ್ಟು 30 ದಿನದ ಪ್ಯಾಕ್ ಹಾಕಿಸಿಕೊಂಡು ಬಂದರು. ಒಟಿಪಿ ಯಾರೂ ಕೇಳಲಿಲ್ಲವಂತೆ. ಆ ದಿನ ಗುರುವಾರ.